ಒಳಗಿರುವವರ ಹೆಸರು ಕೇಳೋಣ



1887ನೇ ಇಸವಿ, ಮಾರ್ಚ್ 14ರ ಬೆಳಗಿನ ಜಾವ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಾರಿಸ್‌ಟೌನ್ ಎಂಬ ಊರು. ಆರು ವಾರಗಳ ಹಿಂದೆ ಎ. ಜೆ. ಬ್ರೌನ್ ಎಂಬಾತ ಅಲ್ಲಿ ಒಂದು ಪುಟ್ಟ ಅಂಗಡಿಯನ್ನು ಬಾಡಿಗೆಗೆ ಹಿಡಿದಿದ್ದ. ಕಾಗದ, ಮಿಠಾಯಿ, ಹಣ್ಣುಹಂಪಲು ಇಟ್ಟುಕೊಂಡು ತನ್ನ ಪಾಡಿಗೆ ತಾನು ವ್ಯಾಪಾರ ಮಾಡಿಕೊಂಡಿದ್ದ. ಯಾರ ತಂಟೆಗೂ ಹೋದವನಲ್ಲ. ಆ ದಿನ ಎದ್ದವನೇ ಗಾಬರಿಯಿಂದ ಮನೆಯವರನ್ನು ಕೂಗಿ, ನಾನೆಲ್ಲಿದ್ದೇನೆ ಎಂದು ಕೇಳಿದ. ತನ್ನ ಹೆಸರು ಆನ್ಸೆಲ್ ಬೋರ್ನ್ ಎಂದ. ಈ ಊರೂ ತಿಳಿಯದು, ಈ ಅಂಗಡಿಯೂ ತಿಳಿಯದು ಎಂದ. ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದ ಬ್ಯಾಂಕಿನಿಂದ ಹಣ ತೆಗೆದದ್ದಷ್ಟೇ ಅವನಿಗೆ ನೆನಪು. ಅದು ನಿನ್ನೆಯ ಮಾತು ಎಂದೇ ಅವನು ತಿಳಿದಿದ್ದ. ಬ್ಯಾಂಕಿನಿಂದ 551 ಡಾಲರ್ ತೆಗೆದದ್ದು ನಿಜ; ಆದರೆ ಅದಾದದ್ದು ಜನವರಿ 17ರಂದು. ನಡುವಿನ ಎರಡು ತಿಂಗಳು ಅವನ ಪಾಲಿಗೆ ಇರಲೇ ಇಲ್ಲ. ಊರೂರು ತಿರುಗಿ ಧರ್ಮಬೋಧನೆ ಮಾಡುತ್ತಿದ್ದ ಬೋರ್ನನನ್ನು ಬಂಧುಗಳು ಮನೆಗೆ ಕರೆದೊಯ್ದರು.

1890ರಲ್ಲಿ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಅವನನ್ನು ಸಂಮೋಹನಕ್ಕೆ ಒಳಪಡಿಸಿದರು. ಆಗ ಒಳಗಿನಿಂದ ಬ್ರೌನ್ ಬಂದು ಮಾತಾಡಿದ. ಆ ಎರಡು ತಿಂಗಳಲ್ಲಿ ಎಲ್ಲೆಲ್ಲಿ ತಂಗಿದ್ದೆ, ಏನು ಮಾಡಿದೆ ಎಂದು ವಿವರವಾಗಿ ಹೇಳಿದ. ಬೋರ್ನನ ಹೆಂಡತಿಯನ್ನು ಎದುರಿಗೆ ಕರೆತಂದರೆ, ಈಕೆಯನ್ನು ನಾನು ನೋಡಿಯೇ ಇಲ್ಲ ಎಂದ. ಇಬ್ಬರನ್ನೂ ಬೆಸೆದು ಒಬ್ಬನನ್ನಾಗಿ ಮಾಡಲು ಜೇಮ್ಸ್ ಪ್ರಯತ್ನಪಟ್ಟರು. ಅದು ಕೈಗೂಡಲಿಲ್ಲ.

ಒಂದೇ ಮೈ, ಆದರೆ ಅದರೊಳಗೆ ತಮ್ಮನ್ನು ತಾವು ಬೇರೆ ಬೇರೆ ಎಂದು ತಿಳಿದಿರುವ ಇಬ್ಬರು, ಮೂವರು, ಕೆಲವೊಮ್ಮೆ ಹತ್ತಾರು ಮಂದಿ. ಇಂಥ ಅನುಭವ ಇರುವವರು ಅಂದೂ ಇದ್ದರು, ಇಂದೂ ಇದ್ದಾರೆ. ಅವರ ಬಗ್ಗೆ ನಾನು ಈ ಹೊತ್ತು ಹೇಳಬೇಕೆಂದಿರುವುದು ಒಂದೇ ಮಾತು. ಅವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಗುರುತಿಸುವ ಮನುಷ್ಯರು. ಬೇವಿನ ಸೊಪ್ಪಿನಿಂದ ಹೊಡೆದು ಓಡಿಸುವವರೂ ಬೇಡ, ನಾಟಕ ಸಾಕುಮಾಡು ಎಂದು ಗದರುವವರೂ ಬೇಡ. ನೀನು ಯಾರಪ್ಪ, ನೀನು ಯಾರಮ್ಮ, ನಿನಗೇನು ಕಷ್ಟ ಎಂದು ಕೇಳಿ, ಉತ್ತರ ಬರುವ ತನಕ ಕಾಯುವವರು ಬೇಕು.

ನೀವು ಕೇಳಬಹುದು: ಯಾರಲ್ಲಿ ತಾನೇ ಹಲವು ಮುಖಗಳಿಲ್ಲ? ಕಚೇರಿಯಲ್ಲಿ ಮುಖ ಗಂಟುಹಾಕಿಕೊಂಡು ಕೂರುವ ಸಾಹೇಬರು ಮನೆಗೆ ಬಂದು ಮೊಮ್ಮಗುವಿಗೆ ಆನೆಯಾಗುತ್ತಾರೆ. ಗಂಡನ ಮನೆಯಲ್ಲಿ ತುಟಿ ಬಿಚ್ಚದ ಸೊಸೆ ತವರಿಗೆ ಹೋದರೆ ಹರಟೆಮಲ್ಲಿ. ಅದು ನಿಜವೇ. ಆದರೆ ಆನೆಯಾದ ಅಜ್ಜನಿಗೆ ತಾನು ಬೆಳಿಗ್ಗೆ ಸಾಹೇಬನಾಗಿದ್ದೆ ಎಂಬುದು ನೆನಪಿರುತ್ತದೆ. ಆ ಎರಡನ್ನೂ ಮಾಡಿದವನು ನಾನೇ ಎಂಬ ಎಳೆ ಕಡಿಯುವುದಿಲ್ಲ. ನಾನು ಹೇಳುತ್ತಿರುವ ಅನುಭವದಲ್ಲಿ ಆ ಎಳೆಯೇ ಕಡಿದಿರುತ್ತದೆ, ಇಲ್ಲವೇ ತೀರ ತೆಳುವಾಗಿರುತ್ತದೆ.

ಅದು ದಿನನಿತ್ಯದ ಬದುಕಿನಲ್ಲಿ ಹೇಗಿರುತ್ತದೆ ನೋಡಿ. ಮಧ್ಯಾಹ್ನ ಎರಡು ಗಂಟೆಗೆ ಅಡುಗೆಮನೆಯಲ್ಲಿ ಇದ್ದದ್ದು ನೆನಪು. ಕಣ್ಣು ಬಿಟ್ಟರೆ ಬಸ್ ನಿಲ್ದಾಣ, ಸಂಜೆ ಆರೂವರೆ. ಕೈಯಲ್ಲಿ ತಾನು ಕೊಂಡದ್ದೇ ಗೊತ್ತಿಲ್ಲದ ಬಳೆಯ ಪೊಟ್ಟಣ. ಲೆಕ್ಕದ ಪುಸ್ತಕ ತೆಗೆದರೆ ಒಂದು ಪುಟದಲ್ಲಿ ದುಂಡು ಅಕ್ಷರ, ಮುಂದಿನ ಪುಟದಲ್ಲಿ ಮಕ್ಕಳು ಬರೆದಂಥ ಓರೆಕೋರೆ ಅಕ್ಷರ. ನೀವು ಆವತ್ತು ಹಾಗಂದಿರಲ್ಲ ಎಂದು ಪರಿಚಯದವರು ಹೇಳುತ್ತಾರೆ; ಅಂದದ್ದು ನೆನಪಿಲ್ಲ. ಇನ್ನು ಕೆಲವರಿಗೆ ನೆನಪು ಪೂರಾ ಹೋಗುವುದಿಲ್ಲ. ಯಾರೋ ಮುಂದೆ ಬಂದು ನನ್ನ ಬಾಯಿಂದ ಮಾತಾಡುತ್ತಿರುತ್ತಾರೆ, ನಾನು ಹಿಂದೆ ನಿಂತು ಕೇಳಿಸಿಕೊಳ್ಳುತ್ತಿರುತ್ತೇನೆ, ತಡೆಯಲು ಆಗುವುದಿಲ್ಲ ಎನ್ನುತ್ತಾರೆ. ಒಳಗೊಂದು ಮಗು ಅಳುತ್ತದೆ. ಒಬ್ಬ ಸಿಟ್ಟಿನವನು ಕಾವಲು ನಿಂತಿದ್ದಾನೆ. ಯಾವ ನೋವೂ ತಟ್ಟದ ಒಬ್ಬಳು ಮನೆಗೆಲಸ, ಕಚೇರಿ ಎಲ್ಲ ನಿಭಾಯಿಸುತ್ತಾಳೆ. ಒಬ್ಬಳಿಗೆ ಗೊತ್ತಿರುವುದು ಇನ್ನೊಬ್ಬಳಿಗೆ ಗೊತ್ತಿಲ್ಲ. ಒಂದು ಸೂರಿನ ಕೆಳಗೆ ಬಾಗಿಲು ಹಾಕಿಕೊಂಡ ಕೋಣೆಗಳಲ್ಲಿ ಬದುಕುವ ಕೂಡುಕುಟುಂಬದ ಹಾಗೆ. ಇಂಥವರಲ್ಲಿ ಹಲವರು ತಮ್ಮ ಬಗ್ಗೆ ಹೇಳುವಾಗ ನಾನು ಎನ್ನುವುದಿಲ್ಲ, ನಾವು ಎನ್ನುತ್ತಾರೆ.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಮೈಯೊಂದಕ್ಕೆ ಇನ್ನೊಬ್ಬರು ಬಂದು ಮಾತಾಡುವುದು ಕನ್ನಡಿಗರಿಗಾಗಲಿ ತುಳುವರಿಗಾಗಲಿ ಹೊಸದಲ್ಲ. ಮೈಮೇಲೆ ಬರುವುದನ್ನು ನಾವು ತಲೆತಲಾಂತರದಿಂದ ಕಂಡವರು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಆಲಡೆ ಎಂಬ ದೈವಸ್ಥಾನಗಳಲ್ಲಿ ಬೇಸಗೆಯ ಹುಣ್ಣಿಮೆ ರಾತ್ರಿಗಳಲ್ಲಿ ನಡೆಯುವ ಸಿರಿ ಜಾತ್ರೆಯ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕವತ್ತಾರು, ನಂದಳಿಕೆ ಇದಕ್ಕೆ ಹೆಸರಾದ ಊರುಗಳು.

ಸಿರಿ ಎಂದರೆ ಪಾಡ್ದನ ಎಂಬ ತುಳು ಕಥನಗೀತೆಯ ನಾಯಕಿ. ಅಡಿಕೆಯ ಹಿಂಗಾರದಿಂದ ಹುಟ್ಟಿದವಳು, ಬೆರ್ಮು ಆಳ್ವರ ಮೊಮ್ಮಗಳು. ಗಂಡ ಕಾಂತು ಪೂಂಜ ಇನ್ನೊಬ್ಬಳ ಮನೆಗೆ ಹೋಗುತ್ತಾನೆ. ಸಿರಿ ಕಣ್ಣೀರಿಟ್ಟು ಸುಮ್ಮನಾಗುವುದಿಲ್ಲ, ಅವನನ್ನು ತೊರೆದು ಮನೆ ಬಿಟ್ಟು ಹೊರಡುತ್ತಾಳೆ. ಅವಳ ಮಗ ಕುಮಾರ, ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಚೆನ್ನೆಮಣೆ ಆಡುತ್ತಾ ಆಡುತ್ತಾ ಜಗಳ ಹತ್ತಿ ಪ್ರಾಣ ಕಳೆದುಕೊಂಡ ಅಕ್ಕತಂಗಿಯರು. ಮಚ್ಚಿನದ ಗೋಪಾಲ ನಾಯ್ಕರು ಈ ಕಥೆಯನ್ನು 1990ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ತಂಡದ ಮುಂದೆ ಹಾಡಿ ಹೇಳಿದರು. ಬರಹಕ್ಕೆ ಇಳಿಸಿದಾಗ ಅದು 15,683 ಸಾಲುಗಳಾಯಿತು, 1998ರಲ್ಲಿ ಅಚ್ಚಾಯಿತು.

ಆಲಡೆಯಲ್ಲಿ ಆ ರಾತ್ರಿ ನಡೆಯುವುದು ಬರೀ ಹಾಡುಗಾರಿಕೆಯಲ್ಲ. ಹೆಂಗಸರು ಕೈಯಲ್ಲಿ ಹಿಂಗಾರ ಹಿಡಿದು ತಂಡ ತಂಡವಾಗಿ ನಿಲ್ಲುತ್ತಾರೆ. ಕುಮಾರನ ಪಾತ್ರ ವಹಿಸಿದ ಗಂಡಸು ಪಾಡ್ದನ ಎತ್ತಿಕೊಳ್ಳುತ್ತಾನೆ. ನೋಡನೋಡುತ್ತ ಒಬ್ಬೊಬ್ಬರ ಮೈಯಲ್ಲಿ ನಡುಕ ಹುಟ್ಟುತ್ತದೆ, ಅಳು ಒತ್ತರಿಸುತ್ತದೆ. ಒಬ್ಬಾಕೆ ಸಿರಿಯಾಗುತ್ತಾಳೆ, ಒಬ್ಬಾಕೆ ಸೊನ್ನೆ, ಇಬ್ಬರು ಅಬ್ಬಗ ದಾರಗರಾಗಿ ಒಬ್ಬರನ್ನೊಬ್ಬರು ಹುಡುಕುತ್ತಾರೆ. ಗಂಡ ಮೋಸಮಾಡಿದ ಸಂಕಟವನ್ನು, ತವರಿನ ಪಾಲು ಕೈತಪ್ಪಿದ ಸಿಟ್ಟನ್ನು ಸಾವಿರ ಜನರ ನಡುವೆ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಕ್ಲಾಸ್ 1970ರ ದಶಕದಿಂದಲೇ ಇದನ್ನು ನೋಡಿ ಬರೆದಿದ್ದಾರೆ.

ಇಲ್ಲಿಗೆ ಹೊಸದಾಗಿ ಬರುವ ಹೆಣ್ಣುಮಕ್ಕಳಲ್ಲಿ ಅನೇಕರದು ಹೆಚ್ಚುಕಡಿಮೆ ಒಂದೇ ಕಥೆ. ಮನೆಯಲ್ಲಿ ಇದ್ದಕ್ಕಿದ್ದಂತೆ ಮೈ ಅದುರಿತು, ದನಿ ಬದಲಾಯಿತು, ಊಟ ಬಿಟ್ಟಳು, ಮಾತು ಬಿಟ್ಟಳು. ಮನೆಯವರು ಕಂಗಾಲಾಗಿ ಕರೆದುಕೊಂಡು ಬರುತ್ತಾರೆ. ಕುಮಾರ ಅವಳೆದುರು ನಿಂತು ಕೇಳುವ ಮೊದಲ ಪ್ರಶ್ನೆ, ನೀನು ಯಾರು? ಅವಳು ಬಾಯಿ ಬಿಡುವುದಿಲ್ಲ, ಕಿರುಚುತ್ತಾಳೆ, ತಲೆ ಕೊಡವುತ್ತಾಳೆ. ಅವನು ಬಿಡುವುದಿಲ್ಲ. ಹಳಬರಾದ ಸಿರಿಗಳೂ ಸುತ್ತ ನಿಂತು ಪುಸಲಾಯಿಸುತ್ತಾರೆ. ಬಂದಿರುವುದು ಕೆಡುಕಿನ ಗಾಳಿ ಎನಿಸಿದರೆ ಅದನ್ನು ಕಳಿಸುವ ದಾರಿ ಬೇರೆ. ಸಿರಿಯ ಬಳಗದವಳೇ ಎಂದಾದರೆ ಅವಳ ಬಾಯಿಂದ ಒಂದು ಹೆಸರು ಬರುವ ತನಕ ಕಾಯುತ್ತಾರೆ. ಹೆಸರು ಬಂದ ಗಳಿಗೆಯಿಂದ ಅವಳು ಒಂಟಿಯಲ್ಲ. ಅವಳಿಗೊಬ್ಬ ಅಣ್ಣ ಸಿಕ್ಕ, ಅಕ್ಕತಂಗಿಯರು ಸಿಕ್ಕರು, ವರ್ಷಕ್ಕೊಮ್ಮೆ ಬಂದು ಎದೆಯ ಭಾರ ಇಳಿಸಲು ಒಂದು ಜಾಗ ಸಿಕ್ಕಿತು. ಉಳಿದ ದಿನಗಳಲ್ಲಿ ಅವಳು ಮನೆಯ ಸೊಸೆ, ತಾಯಿ, ಗದ್ದೆಗೆ ಹೋಗುವ ಆಳು. ಎರಡೂ ಅವಳೇ ಎಂದು ಊರು ಒಪ್ಪಿಕೊಂಡಿದೆ.

ಸಿರಿ ಜಾತ್ರೆಗೆ ಬರುವವರೆಲ್ಲ ರೋಗಿಗಳು ಎಂದು ನಾನು ಹೇಳುತ್ತಿಲ್ಲ. ಹಾಗೆ ತಿಳಿಯುವುದು ದೊಡ್ಡ ತಪ್ಪು. ಆಚರಣೆಯಿಂದ ಎಲ್ಲರ ಕಷ್ಟವೂ ಪರಿಹಾರವಾಗುತ್ತದೆ ಎಂದೂ ಹೇಳುತ್ತಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಆ ಕೇಳುವ ಬಗೆ. ಅಕ್ಷರ ಕಲಿಯದ ನಮ್ಮ ಹಿರಿಯರು ಕಂಡುಕೊಂಡ ಆ ತಾಳ್ಮೆಯನ್ನು ಓದಿದವರಾದ ನಾವು ನಮ್ಮ ಮನೆಗಳಿಗೂ ಆಸ್ಪತ್ರೆಗಳಿಗೂ ತಂದುಕೊಳ್ಳಬೇಕು ಎಂಬುದು ನನ್ನ ಮಾತು.

ವೈದ್ಯಶಾಸ್ತ್ರವೂ ಈ ತಿಳಿವಳಿಕೆಯ ಹತ್ತಿರಕ್ಕೆ ಬಂದಿದೆ. ಅಮೆರಿಕದ ಮನೋವೈದ್ಯರ ಸಂಘ ಹೊರತರುವ ಡಿಎಸ್‌ಎಂ ಎಂಬ ಕೈಪಿಡಿ 1980ರಲ್ಲಿ ಈ ಅನುಭವವನ್ನು ಮಲ್ಟಿಪಲ್ ಪರ್ಸನಾಲಿಟಿ, ಅಂದರೆ ಬಹುವ್ಯಕ್ತಿತ್ವ ಎಂದು ಪಟ್ಟಿ ಮಾಡಿತು. 1994ರಲ್ಲಿ ಹೆಸರು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎಂದಾಯಿತು. ವೈದ್ಯರು ಚಿಕ್ಕದಾಗಿ ಡಿಐಡಿ ಎನ್ನುತ್ತಾರೆ. 2013ರ ಐದನೆಯ ಆವೃತ್ತಿಯಲ್ಲಿ ಎರಡು ಮಾತು ಸೇರಿದವು, ಎರಡೂ ನಮಗೆ ಮುಖ್ಯ. ಕೆಲವು ಸಂಸ್ಕೃತಿಗಳಲ್ಲಿ ಇದು ಮೈಮೇಲೆ ಬಂದ ಅನುಭವವಾಗಿ ಕಾಣಿಸಿಕೊಳ್ಳಬಹುದು ಎಂಬುದು ಒಂದು. ಜನ ಒಪ್ಪಿಕೊಂಡು ನಡೆಸಿಕೊಂಡು ಬಂದ ಧಾರ್ಮಿಕ ಆಚರಣೆಯ ಭಾಗವಾಗಿದ್ದರೆ ಅದನ್ನು ಕಾಯಿಲೆ ಎನ್ನಬಾರದು ಎಂಬುದು ಇನ್ನೊಂದು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿಯೂ ಅನುಭವ ಒಂದರಿಂದಲೇ ಯಾರನ್ನೂ ರೋಗಿ ಎನ್ನುವುದಿಲ್ಲ. ಅದರಿಂದ ಬದುಕು ಕೆಟ್ಟಿದೆಯೇ, ಸಂಸಾರ ದುಡಿಮೆ ನಡೆಸಲು ತೊಡಕಾಗಿದೆಯೇ ಎಂದು ಕೇಳುತ್ತದೆ. ಹಲವರಾಗಿಯೇ ಹೊಂದಿಕೊಂಡು ನೆಮ್ಮದಿಯಾಗಿ ಬಾಳುತ್ತಿರುವವರನ್ನು ಅವರ ಪಾಡಿಗೆ ಬಿಡಬೇಕು ಎಂಬುದು ಇದರ ತಾತ್ಪರ್ಯ.

ಭಾರತದಲ್ಲಿ ಈ ಹೆಸರಿನ ರೋಗನಿರ್ಣಯ ಬಹಳ ವಿರಳ. 1989ರಲ್ಲಿ ಆದಿತ್ಯಾಂಜಿ, ರಾಜು, ಖಂಡೇಲ್ವಾಲ್ ಎಂಬ ಭಾರತೀಯ ವೈದ್ಯರು ಅಮೆರಿಕನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ನಮ್ಮ ದೇಶದ ಮೂರು ಪ್ರಕರಣಗಳನ್ನು ವರದಿ ಮಾಡಿದರು. ಆ ಹೊತ್ತಿಗೆ ಅಮೆರಿಕದಲ್ಲಿ ಅಂಥವು ಸಾವಿರಾರು. ನಮ್ಮಲ್ಲಿ ಇಂಥ ನೋವು ಬಹುಮಟ್ಟಿಗೆ ದೆವ್ವವಾಗಿಯೋ ದೇವರಾಗಿಯೋ ಹೊರಬರುತ್ತದೆ. ಹಾಗಾಗಿ ಮಂತ್ರವಾದಿಯ ಮನೆಗೆ ಹೋಗುತ್ತದೆ, ವೈದ್ಯರ ಬಾಗಿಲಿಗೆ ಬರುವುದೇ ಇಲ್ಲ.

ಹಾಗಾದರೆ ಒಂದು ಮೈಯಲ್ಲಿ ಹಲವರು ಹೇಗೆ ಹುಟ್ಟಿಕೊಳ್ಳುತ್ತಾರೆ? ನಾನು ಎಂಬ ಭಾವ ಹುಟ್ಟುವಾಗಲೇ ಒಂದಾಗಿ ಬರುವುದಿಲ್ಲ. ಕೂಸು ಹಸಿದಾಗ ಒಂದು ಬಗೆ, ಹೆದರಿದಾಗ ಒಂದು ಬಗೆ, ನಗುವಾಗ ಇನ್ನೊಂದು ಬಗೆ. ಎತ್ತಿ ಆಡಿಸುವ, ಸಂತೈಸುವ ಕೈಗಳಿದ್ದರೆ ಈ ಚೂರುಗಳೆಲ್ಲ ವರ್ಷಗಳು ಕಳೆದಂತೆ ಕೂಡಿಕೊಂಡು ನಾನು ಎಂಬುದಾಗುತ್ತದೆ. ಅದಕ್ಕೆ ಮೊದಲೇ ಮಗು ತಾಳಲಾರದ ಹಿಂಸೆಗೆ ಸಿಕ್ಕಿದರೆ, ಅದೂ ತನ್ನನ್ನು ಕಾಯಬೇಕಾದವರ ಕೈಯಿಂದಲೇ ಮತ್ತೆ ಮತ್ತೆ ಸಿಕ್ಕಿದರೆ, ಅದಕ್ಕೆ ಓಡಿಹೋಗಲು ಜಾಗವಿಲ್ಲ. ಇದು ನನಗೆ ಆಗುತ್ತಿಲ್ಲ, ಇನ್ನಾರಿಗೋ ಆಗುತ್ತಿದೆ ಎಂದು ಮನಸ್ಸು ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಇನ್ನಾರೋ ಒಳಗೇ ಉಳಿದು, ಆ ನೆನಪನ್ನು ಹೊತ್ತುಕೊಂಡು ತಾನೇ ಒಂದು ನಾನು ಆಗುತ್ತದೆ. ಹೊರಗಿನ ಮಗು ಮರುದಿನ ಶಾಲೆಗೆ ಹೋಗುತ್ತದೆ, ಮಗ್ಗಿ ಹೇಳುತ್ತದೆ. ಈ ಅನುಭವ ಇರುವವರಲ್ಲಿ ಬಹುಪಾಲು ಜನರ ಹಿಂದೆ ಬಾಲ್ಯದ ಘೋರ ಹಿಂಸೆ ಇರುವುದನ್ನು ವೈದ್ಯರು ಕಂಡಿದ್ದಾರೆ. ಒಳಗಿರುವ ಒಬ್ಬೊಬ್ಬರೂ ಆ ಮಗುವನ್ನು ಉಳಿಸಲು ಬಂದವರೇ. ಅವರನ್ನು ಶತ್ರುಗಳೆಂದು ನೋಡಬಾರದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಈ ಅನುಭವವನ್ನು ಲೋಕಕ್ಕೆ ಪರಿಚಯಿಸಿದ ಸಿನಿಮಾ 1957ರ ದಿ ಥ್ರೀ ಫೇಸಸ್ ಆಫ್ ಈವ್. ನಾಯಕಿಯಾಗಿ ನಟಿಸಿದ ಜೋಆನ್ ವುಡ್‌ವರ್ಡ್‌ಗೆ ಆಸ್ಕರ್ ಬಂತು. ವೈದ್ಯರಾದ ಥಿಗ್‌ಪೆನ್ ಮತ್ತು ಕ್ಲೆಕ್ಲಿ ಬರೆದ ಪುಸ್ತಕ ಅದಕ್ಕೆ ಆಧಾರ. ಆಕೆಯಲ್ಲಿ ಮೂವರಿದ್ದರು, ಈಗ ಗುಣವಾಯಿತು ಎಂದು ಜಗತ್ತು ನಂಬಿತು. 1970ರ ದಶಕದಲ್ಲಿ ಆ ಹೆಣ್ಣುಮಗಳೇ ಮುಂದೆ ಬಂದು, ಈವ್ ನಾನೇ, ನನ್ನ ಹೆಸರು ಕ್ರಿಸ್ ಕಾಸ್ನರ್ ಸೈಜ್‌ಮೋರ್ ಎಂದರು. ನನ್ನಲ್ಲಿದ್ದವರು ಮೂವರಲ್ಲ, ಇಪ್ಪತ್ತಕ್ಕೂ ಹೆಚ್ಚು ಮಂದಿ. ಸಿನಿಮಾ ಮುಗಿದ ಮೇಲೂ ಬಹಳ ವರ್ಷ ನನ್ನ ಕಷ್ಟ ಮುಗಿದಿರಲಿಲ್ಲ ಎಂದರು. ತೀರ ಎಳೆಯ ವಯಸ್ಸಿನಲ್ಲೇ ಸಾವನ್ನೂ ಅಪಘಾತಗಳನ್ನೂ ಕಣ್ಣಾರೆ ಕಂಡದ್ದನ್ನು ಹೇಳಿಕೊಂಡರು. 1977ರಲ್ಲಿ ತಮ್ಮ ಕಥೆಯನ್ನು ತಾವೇ ಪುಸ್ತಕವಾಗಿ ತಂದರು. ಬೇರೆಯವರು ಹೇಳಿದ ಕಥೆಗೂ ಅನುಭವಿಸಿದವರು ಹೇಳಿದ ಕಥೆಗೂ ಎಷ್ಟು ಅಂತರ ನೋಡಿ. ಎಣಿಸಬೇಕಾದವರು ಯಾರು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಸಂಶಯ ಪಡುವವರೂ ಇದ್ದಾರೆ. ಅವರ ಮಾತನ್ನೂ ನಾವು ಕೇಳಬೇಕು. 1973ರಲ್ಲಿ ಸಿಬಿಲ್ ಎಂಬ ಪುಸ್ತಕ ಅಮೆರಿಕದಲ್ಲಿ ಮನೆಮಾತಾಯಿತು. ಹದಿನಾರು ವ್ಯಕ್ತಿತ್ವಗಳಿದ್ದ ಹೆಣ್ಣಿನ ಕಥೆ ಅದು. ಆಕೆ ಶರ್ಲಿ ಮೇಸನ್ ಎಂದು ಮುಂದೆ ತಿಳಿಯಿತು. ಇದನ್ನೆಲ್ಲ ನಾನೇ ಕಟ್ಟಿ ಹೇಳಿದೆ ಎಂದು ಆಕೆ 1958ರಲ್ಲೇ ತನ್ನ ವೈದ್ಯೆಗೆ ಪತ್ರ ಬರೆದಿದ್ದಳು. ವೈದ್ಯೆ ಅದನ್ನು ನಂಬಲಿಲ್ಲ. ಆ ಪುಸ್ತಕ ಬಂದ ಮೇಲೆ ಇಂಥ ರೋಗನಿರ್ಣಯಗಳು ಏಕಾಏಕಿ ಏರಿದವು. ವೈದ್ಯರೇ ಪ್ರಶ್ನೆ ಕೇಳಿ ಕೇಳಿ ರೋಗಿಯ ಮನಸ್ಸಿನಲ್ಲಿ ಹೊಸ ಹೊಸ ವ್ಯಕ್ತಿಗಳನ್ನು ಬಿತ್ತುತ್ತಾರೆ ಎಂಬ ವಾದ ಆಗ ಬಲವಾಯಿತು. ಇದರಲ್ಲಿ ತಿರುಳಿದೆ. ಸಂಮೋಹನಕ್ಕೆ ಒಳಪಡಿಸಿ, ನಿನ್ನೊಳಗೆ ಇನ್ನೂ ಯಾರಿದ್ದಾರೆ ಎಂದು ಕೆದಕುವುದು ಅಪಾಯದ ಕೆಲಸ. ಗುರುತಿಸುವುದೆಂದರೆ ಇಲ್ಲದವರನ್ನು ಹುಟ್ಟಿಸುವುದಲ್ಲ. ಬಂದವರಿಗೆ ಕಿವಿಗೊಡುವುದು, ಬಾರದವರನ್ನು ಎಳೆದು ತರದಿರುವುದು.

ಆದರೆ ಕೆಲವು ಕಡೆ ಆದ ತಪ್ಪಿನಿಂದ ಇಡೀ ಅನುಭವವೇ ಸುಳ್ಳಾಗುವುದಿಲ್ಲ. ಸಿಮೋನ್ ರೈಂಡರ್ಸ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಡಿಐಡಿ ಇರುವವರ ಮಿದುಳನ್ನೂ, ಅದೇ ರೀತಿ ನಟಿಸಲು ಹೇಳಿಕೊಟ್ಟವರ ಮಿದುಳನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರು. ನಟಿಸಿದವರ ಮಿದುಳು ನಿಜವಾಗಿ ಅನುಭವಿಸುವವರ ಮಿದುಳಿನಂತೆ ವರ್ತಿಸಲಿಲ್ಲ. 2015ರಲ್ಲಿ ಜರ್ಮನಿಯ ಸ್ಟ್ರಾಸ್‌ಬರ್ಗರ್ ಮತ್ತು ವಾಲ್ಡ್‌ಫೋಗೆಲ್ ಇನ್ನೂ ಬೆರಗಿನ ಸಂಗತಿ ಬರೆದರು. ಅಪಘಾತದ ಬಳಿಕ ಕುರುಡಿ ಎಂದು ವೈದ್ಯರು ಹೇಳಿದ್ದ ಒಬ್ಬ ಮಹಿಳೆ. ಚಿಕಿತ್ಸೆಯ ನಡುವೆ ಆಕೆಯೊಳಗಿನ ಕೆಲವರಿಗೆ ಕಣ್ಣು ಕಾಣತೊಡಗಿತು, ಉಳಿದವರಿಗೆ ಇಲ್ಲ. ತಲೆಗೆ ತಂತಿ ಹಚ್ಚಿ, ಕಣ್ಣಿಗೆ ಕಂಡದ್ದು ಮಿದುಳಿಗೆ ತಲುಪಿದಾಗ ಏಳುವ ವಿದ್ಯುತ್ ಅಲೆಯನ್ನು ಅಳೆದರು. ಕಾಣುವವರು ಮುಂದೆ ಬಂದಾಗ ಅಲೆ ಸರಿಯಾಗಿತ್ತು, ಕಾಣದವರು ಬಂದಾಗ ಅಲೆಯೇ ಇರಲಿಲ್ಲ. ಅದೇ ಕಣ್ಣು, ಅದೇ ಮಿದುಳು. ಹೀಗಿರುವಾಗ ಸೋಗು ಹಾಕುತ್ತಾಳೆ ಎಂದು ಮೂಗುಮುರಿಯುವ ಹಕ್ಕು ನಮಗೆಲ್ಲಿದೆ?

ಇಂಥ ಗುರುತು ನ್ಯಾಯಾಲಯದಲ್ಲೂ ಸಿಕ್ಕ ಉದಾಹರಣೆ ಇದೆ. ಆಸ್ಟ್ರೇಲಿಯಾದ ಜೆನಿ ಹೇಯ್ನ್ಸ್ ತಮ್ಮ ಹೆಸರನ್ನು ಮುಚ್ಚಿಡದೆ, ತಾವೇ ಬಹಿರಂಗವಾಗಿ ಹೇಳಿಕೊಂಡ ಕಥೆ ಇದು. ಎಳೆಯ ಮಗುವಾಗಿದ್ದಾಗಿನಿಂದ ಹೆತ್ತ ತಂದೆಯೇ ಅವರ ಮೇಲೆ ಅತ್ಯಾಚಾರ ಎಸಗಿದ. ಆ ನರಕದಿಂದ ತಮ್ಮನ್ನು ಉಳಿಸಿದವರು ಒಳಗಿನವರು, ಅವರು 2,500 ಮಂದಿ ಎಂದು ಜೆನಿ ಹೇಳುತ್ತಾರೆ. 2019ರಲ್ಲಿ ಸಿಡ್ನಿಯ ನ್ಯಾಯಾಲಯದಲ್ಲಿ ವಿಚಾರಣೆ ನಡೆದಾಗ ಅವರೊಳಗಿನ ಆರು ಮಂದಿಗೆ ಸಾಕ್ಷಿ ಹೇಳಲು ಅನುಮತಿ ಸಿಕ್ಕಿತು. ಕಟಕಟೆಯಲ್ಲಿ ಮಾತಾಡಿದ್ದು ಸಿಂಫನಿ ಎಂಬ ನಾಲ್ಕು ವರ್ಷದ ಹುಡುಗಿ. ನಡುವಯಸ್ಸಿನ ಹೆಂಗಸಿನ ಬಾಯಿಂದ ಮಗುವಿನ ಮಾತು. ತಾನು ಕಂಡದ್ದನ್ನು ಆ ಮಗು ಬಿಡಿಬಿಡಿಯಾಗಿ ಹೇಳತೊಡಗಿತು. ಅದನ್ನು ಕೇಳಿದ ತಂದೆ ತಪ್ಪೊಪ್ಪಿಕೊಂಡ. ನ್ಯಾಯಾಲಯ ಅವನಿಗೆ 45 ವರ್ಷಗಳ ಸೆರೆವಾಸ ವಿಧಿಸಿತು. ಜೆನಿಯೊಳಗಿನವರು ನೆನಪುಗಳನ್ನು ಒಬ್ಬೊಬ್ಬರು ಒಂದೊಂದಾಗಿ ಜೋಪಾನ ಮಾಡಿದ್ದರಿಂದಲೇ, ನಾಲ್ಕು ದಶಕ ಕಳೆದರೂ ಸಾಕ್ಷ್ಯ ಮಾಸಿರಲಿಲ್ಲ. ಒಳಗಿನವರು ಇಲ್ಲವೆಂದು ನ್ಯಾಯಾಲಯ ತಳ್ಳಿಹಾಕಿದ್ದರೆ ಆ ಮಗುವಿನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಕನ್ನಡಿಗರಾದ ನಮಗೆ ಈ ವಿಷಯ ಎಂದೊಡನೆ ನೆನಪಾಗುವುದು 2004ರ ಆಪ್ತಮಿತ್ರ. 1993ರ ಮಲಯಾಳಂ ಮಣಿಚಿತ್ರತ್ತಾಳ್ ಚಿತ್ರದ ಕನ್ನಡ ರೂಪ ಅದು. ಸೌಂದರ್ಯ ಅವರ ಗಂಗಾ, ಅವಳೊಳಗಿನಿಂದ ಏಳುವ ನಾಗವಲ್ಲಿ, ವಿಷ್ಣುವರ್ಧನ್ ಅವರ ಮನೋವೈದ್ಯ ವಿಜಯ್. ಆ ಚಿತ್ರದಲ್ಲಿ ನಾನು ಮೆಚ್ಚುವ ಸಂಗತಿಯೊಂದಿದೆ. ವೈದ್ಯ ಗಂಗಾಳ ಮೇಲೆ ಕೈಮಾಡುವುದಿಲ್ಲ. ನಾಗವಲ್ಲಿ ಸುಳ್ಳು ಎಂದು ಹೀಯಾಳಿಸುವುದಿಲ್ಲ. ಅವಳಿಗೇನು ಬೇಕು ಎಂದು ತಿಳಿದುಕೊಳ್ಳಲು ಹೊರಡುತ್ತಾನೆ. ಮಂತ್ರ ಬಲ್ಲವರನ್ನೂ ದೂರ ತಳ್ಳದೆ ಜೊತೆಗೆ ಸೇರಿಸಿಕೊಳ್ಳುತ್ತಾನೆ. ಆದರೆ ಸಿನಿಮಾ ನಮ್ಮ ತಲೆಯಲ್ಲಿ ಎರಡು ತಪ್ಪು ಕಲ್ಪನೆಗಳನ್ನೂ ಬಿತ್ತಿದೆ. ಒಳಗಿರುವವಳು ಕೊಲೆಗಾತಿ ಎಂಬುದು ಮೊದಲನೆಯದು. ವಾಸ್ತವದಲ್ಲಿ ಈ ಅನುಭವ ಇರುವವರಿಂದ ಬೇರೆಯವರಿಗೆ ಅಪಾಯ ಅಪರೂಪ, ಅವರಿಂದ ಅವರಿಗೇ ಅಪಾಯ ಹೆಚ್ಚು. ಚಿಕಿತ್ಸೆಗೆ ಬರುವವರಲ್ಲಿ ಶೇಕಡ 70ಕ್ಕೂ ಮೇಲ್ಪಟ್ಟವರು ಒಮ್ಮೆಯಾದರೂ ಜೀವ ಕಳೆದುಕೊಳ್ಳಲು ಪ್ರಯತ್ನಿಸಿದ್ದಾರೆ ಎಂದು ಡಿಎಸ್‌ಎಂ-5 ಹೇಳುತ್ತದೆ. ಒಂದು ರಾತ್ರಿಯ ಉಪಾಯದಿಂದ ಎಲ್ಲ ಸರಿಹೋಗುತ್ತದೆ ಎಂಬುದು ಎರಡನೆಯದು. ನಿಜವಾದ ಚಿಕಿತ್ಸೆ ವರ್ಷಗಳ ಕೆಲಸ.

ಆ ಚಿಕಿತ್ಸೆ ಹೇಗಿರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇದಕ್ಕೆಂದೇ ಒಂದು ಮಾತ್ರೆ ಇಲ್ಲ. ಖಿನ್ನತೆಗೆ, ನಿದ್ದೆಗೆ ಔಷಧಿ ಕೊಡಬಹುದು. ಮುಖ್ಯವಾದದ್ದು ಮಾತಿನ ಚಿಕಿತ್ಸೆ. 2011ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಅದನ್ನು ಮೂರು ಹಂತಗಳಲ್ಲಿ ಹೇಳುತ್ತದೆ. ಮೊದಲು ಮನುಷ್ಯ ಸುರಕ್ಷಿತನಾಗಬೇಕು, ದಿನಚರಿ ಒಂದು ಹದಕ್ಕೆ ಬರಬೇಕು. ಆಮೇಲೆ ಹಳೆಯ ನೋವನ್ನು ಸ್ವಲ್ಪ ಸ್ವಲ್ಪವಾಗಿ, ತಾಳುವಷ್ಟೇ ಮುಟ್ಟಬೇಕು. ಕೊನೆಯದು ಒಳಗಿನವರ ನಡುವಿನ ಹೊಂದಾಣಿಕೆ. ಕೆಲವರು ಕಾಲಕ್ರಮದಲ್ಲಿ ಒಬ್ಬರಾಗಿ ಕೂಡಿಕೊಳ್ಳುತ್ತಾರೆ. ಕೆಲವರು ನಮಗೆ ಅದು ಬೇಡ, ನಾವು ಹಲವರಾಗಿಯೇ ಒಬ್ಬರಿಗೊಬ್ಬರು ತಿಳಿಸಿಕೊಂಡು, ಮಾತಾಡಿಕೊಂಡು ಬದುಕುತ್ತೇವೆ ಎನ್ನುತ್ತಾರೆ. ಆ ದಾರಿಯನ್ನೂ ಮಾರ್ಗಸೂಚಿ ಒಪ್ಪುತ್ತದೆ. ಯಾವುದು ಬೇಕೆಂದು ಹೇಳಬೇಕಾದವರು ಅದನ್ನು ಬಾಳುವವರೇ. ದುಃಖದ ಸಂಗತಿಯೆಂದರೆ, ಇಂಥವರು ಆಸ್ಪತ್ರೆಗಳಿಗೆ ಐದರಿಂದ ಹನ್ನೆರಡು ವರ್ಷ ಎಡತಾಕಿದ ಮೇಲೆಯೇ ಅವರ ತೊಂದರೆ ಇದು ಎಂದು ಗೊತ್ತಾಗುತ್ತದೆ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಆ ವರ್ಷಗಳನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ.

ಹೇಗೆ? ನಿಮ್ಮ ಮನೆಯಲ್ಲಿ ಮಗಳೋ, ತಮ್ಮನೋ, ಗೆಳತಿಯೋ ಒಂದು ದಿನ ಬಂದು, ನನ್ನೊಳಗೆ ಬೇರೆಯವರು ಇದ್ದಾರೆ ಎಂದರೆ ನಗಬೇಡಿ, ಹೌಹಾರಬೇಡಿ. ಇಷ್ಟು ದಿನ ಬಚ್ಚಿಟ್ಟುಕೊಂಡದ್ದನ್ನು ನಿಮ್ಮನ್ನು ನಂಬಿ ಹೇಳುತ್ತಿದ್ದಾರೆ. ಸುಮ್ಮನೆ ಕೇಳಿಸಿಕೊಳ್ಳಿ. ಇನ್ನೊಂದು ಹೆಸರು ಹೇಳಿದರೆ ಆ ಹೆಸರಿನಿಂದಲೇ ಮಾತಾಡಿಸಿ, ಅದರಿಂದ ನಿಮಗೇನೂ ನಷ್ಟವಿಲ್ಲ. ಮಗುವಿನ ದನಿಯಲ್ಲಿ ಮಾತಾಡಿದರೆ ಮಗುವಿನೊಡನೆ ಮಾತಾಡುವಷ್ಟೇ ಮೆತ್ತಗೆ ಮಾತಾಡಿ. ಸಿಟ್ಟಿನವನು ಬಂದರೆ, ನೀನು ಯಾರನ್ನು ಕಾಯುತ್ತಿದ್ದೀಯ ಎಂದು ಕೇಳಿ. ಇವಳು ಒಳ್ಳೆಯವಳು, ಅವಳು ಕೆಟ್ಟವಳು ಎಂದು ಒಳಗಿನವರ ನಡುವೆ ಪಕ್ಷ ವಹಿಸಬೇಡಿ. ಭಯದಲ್ಲಿ ಮುಳುಗಿದ್ದರೆ, ಇವತ್ತು ಇಂಥ ವಾರ, ನಾವು ಇಂಥ ಊರಿನಲ್ಲಿ ಮನೆಯಲ್ಲಿದ್ದೇವೆ, ಪಾದ ನೆಲಕ್ಕೆ ಊರು, ನಾನು ಪಕ್ಕದಲ್ಲೇ ಇದ್ದೇನೆ ಎಂದು ನಿಧಾನವಾಗಿ ಹೇಳಿ. ಏನಾಯಿತು ಆಗ, ಯಾರು ಮಾಡಿದರು ಎಂದು ಕೆದಕಿ ಕೆದಕಿ ಕೇಳಬೇಡಿ. ಅದು ತರಬೇತಿ ಪಡೆದವರ ಕೆಲಸ. ಬರೀ ಕುತೂಹಲಕ್ಕೆ, ಈಗ ಇನ್ನೊಬ್ಬಳನ್ನು ಕರೆ ನೋಡೋಣ ಎಂದು ಎಂದಿಗೂ ಹೇಳಬೇಡಿ.

ದೇವರ ಮೇಲಿನ ನಂಬಿಕೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ದೇವಸ್ಥಾನಕ್ಕೂ ಹೋಗಿ, ದರ್ಗಾಕ್ಕೂ ಹೋಗಿ. ಆದರೆ ಮೈಮುಟ್ಟಿ ಹಿಂಸಿಸುವವರ ಬಳಿಗೆ ಹೋಗಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕಿ ಪೀಡಿಸುವುದು 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ಮಾನಸಿಕ ತೊಂದರೆ ಇರುವವರನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ನಿಷೇಧಿಸಿದೆ. ಹಿಂಸೆಯಿಂದ ಹುಟ್ಟಿದ ನೋವನ್ನು ಇನ್ನಷ್ಟು ಹಿಂಸೆಯಿಂದ ಬಿಡಿಸಲು ಆಗುವುದಿಲ್ಲ. ಹೊಡೆದಷ್ಟೂ ಒಳಗಿನ ಬಾಗಿಲುಗಳು ಬಿಗಿಯುತ್ತವೆ.

ಸಹಾಯ ದೂರವಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416, ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜೀವ ಬೇಡವೆನಿಸಿದವರು ಈ ಸಂಖ್ಯೆಗೆ ಈಗಲೇ ಕರೆ ಮಾಡಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮ ಬಳ್ಳಾರಿ ಜಿಲ್ಲೆ ಎಂಬುದು ಹೆಮ್ಮೆಯ ಮಾತು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ನೆನಪು ತಪ್ಪುವುದಕ್ಕೆ ಮೂರ್ಛೆರೋಗ, ತಲೆಗೆ ಬಿದ್ದ ಪೆಟ್ಟು ಮೊದಲಾದ ಬೇರೆ ಕಾರಣಗಳೂ ಇರಬಹುದು, ಆದ್ದರಿಂದ ವೈದ್ಯರು ಪರೀಕ್ಷಿಸುವುದು ಅಗತ್ಯ.

ಕೊನೆಯದಾಗಿ ಈ ಮಾತು ಕೇಳುತ್ತಿರುವ, ಒಳಗೆ ಹಲವರಿರುವ ಬಂಧುಗಳಿಗೆ ಎರಡು ಮಾತು. ನಿಮಗೆ ಹುಚ್ಚಿಲ್ಲ. ನೀವು ಸುಳ್ಳು ಹೇಳುತ್ತಿಲ್ಲ. ಜಗತ್ತಿನಲ್ಲಿ ನಿಮ್ಮಂಥವರು ಬಹಳ ಮಂದಿ ಇದ್ದಾರೆ. ನೂರು ಜನರಲ್ಲಿ ಒಬ್ಬಿಬ್ಬರಿಗೆ ಈ ತೊಂದರೆ ಇರಬಹುದು ಎಂದು ಅಮೆರಿಕದ ಒಂದು ಸಣ್ಣ ಸಮೀಕ್ಷೆ ಕಂಡುಕೊಂಡಿದೆ. ನಿಮ್ಮೊಳಗಿನವರು ಒಂದು ಕಷ್ಟಕಾಲದಲ್ಲಿ ನಿಮ್ಮ ಜೀವ ಉಳಿಸಿದವರು. ಅವರಿಗೆ ಒಂದು ನೋಟ್‌ಪುಸ್ತಕ ಇಟ್ಟುಬಿಡಿ, ಬರೆಯಲು ಮನಸ್ಸಿದ್ದವರು ಬರೆಯಲಿ, ಉಳಿದವರು ಓದಲಿ. ನಂಬಿಕೆ ಇಡಬಹುದಾದ ಒಬ್ಬರೇ ಒಬ್ಬರನ್ನು ಆರಿಸಿಕೊಂಡು ಹೇಳಿ. ಅವರು ಕೇಳದಿದ್ದರೆ ಸೋಲಬೇಡಿ, ಇನ್ನೊಬ್ಬರ ಬಳಿ ಹೇಳಿ. ಕೇಳುವವರನ್ನು ಹೆಚ್ಚಿಸುವ ಹೊಣೆ ಉಳಿದ ನಮ್ಮೆಲ್ಲರದು. ಆ ಹೊಣೆಯನ್ನು ಈ ಕಾರ್ಯಕ್ರಮ ಕೇಳಿದ ಪ್ರತಿಯೊಬ್ಬರೂ ತಮ್ಮ ಮನೆಯಿಂದಲೇ ಹೊರಲಿ ಎಂದು ಕೇಳಿಕೊಳ್ಳುತ್ತೇನೆ.